ವೆಬ್‌ಸೈಟ್ ತೋರಿಸುವ ಮನೆ ಬೆಲೆ ನಂಬಿ ಪಾಲು ಮಾಡಿಕೊಳ್ಳಬಹುದಾ?

ನಾಗರಭಾವಿ ಮಗಳು
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ತಾಪತ್ರಯ ಶುರುವಾಗಿದೆ. ತಿಳಿದವರು ದಾರಿ ಹೇಳಿ.

ಬೆಂಗಳೂರಿನ ನಾಗರಭಾವಿಯಲ್ಲಿ ಅಪ್ಪ 1995ರಲ್ಲಿ ಕಟ್ಟಿಸಿದ ಮನೆ ಇದೆ. 30×40 ಅಡಿಯ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸೈಟು, ಪಶ್ಚಿಮದ ಬಾಗಿಲು, ಕೆಳಗೂ ಮೇಲೂ ಸೇರಿ 18 ಚದರ. ಅಪ್ಪ ಎರಡು ವರ್ಷದ ಹಿಂದೆ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಅಣ್ಣ ಅಮ್ಮನ ಜೊತೆ ಅದೇ ಮನೆಯಲ್ಲಿದ್ದಾನೆ. ಮನೆ ತಾನೇ ಇಟ್ಟುಕೊಂಡು ನನಗೂ ತಂಗಿಗೂ ದುಡ್ಡು ಕೊಡುತ್ತೇನೆ ಅಂದಿದ್ದಾನೆ. ಅದು ನಮಗೂ ಒಪ್ಪಿಗೆ. ಹೊರಗಿನವರಿಗೆ ಮಾರುವ ಮನಸ್ಸು ಯಾರಿಗೂ ಇಲ್ಲ.

ತೊಂದರೆ ಬಂದಿದ್ದು ಬೆಲೆಯಲ್ಲಿ. ಮೂರು ವೆಬ್‌ಸೈಟ್ ನೋಡಿದೆವು. ಒಂದು 1.68 ಕೋಟಿ ತೋರಿಸಿತು, ಇನ್ನೊಂದು 2.10 ಕೋಟಿ, ಮೂರನೆಯದು 2.55 ಕೋಟಿ. ಅಣ್ಣ ಮೊದಲನೆಯದನ್ನು ಹಿಡಿದಿದ್ದಾನೆ, ತಂಗಿ ಮೂರನೆಯದನ್ನು. 87 ಲಕ್ಷದ ವ್ಯತ್ಯಾಸ! ನಿನ್ನೆ ರಾತ್ರಿ ಫೋನಿನಲ್ಲಿ ಇಬ್ಬರಿಗೂ ಜೋರು ಮಾತಾಯಿತು. ಅಮ್ಮ ಊಟ ಬಿಟ್ಟು ಮಲಗಿದರು.

ಬೆಳಿಗ್ಗೆ ನಾನೇ ಕೂತು ಒಂದು ವೆಬ್‌ಸೈಟಿನಲ್ಲಿ ಪರೀಕ್ಷೆ ಮಾಡಿದೆ. 2 ಬಿಎಚ್‌ಕೆ ಅಂತ ಹಾಕಿದ್ದನ್ನು 3 ಬಿಎಚ್‌ಕೆ ಅಂತ ಬದಲಿಸಿದೆ. ಅಳತೆ ಮುಟ್ಟಲಿಲ್ಲ. ಬೆಲೆ 18 ಲಕ್ಷ ಏರಿತು. ಅದೇ ಗೋಡೆ, ಅದೇ ಜಾಗ. ಮುಂದಿನ ರಸ್ತೆ ಎಷ್ಟು ಅಗಲ, ಖಾತೆ ಯಾವುದು, ಬಾಗಿಲು ಯಾವ ದಿಕ್ಕಿಗೆ ಅಂತ ಒಂದನ್ನೂ ಅದು ಕೇಳಲಿಲ್ಲ. ಇದನ್ನು ನಂಬಿ ಪಾಲು ಮಾಡಿಕೊಳ್ಳಬಹುದಾ?

ರಿಂಗ್ ರೋಡ್ ರಾಯರು
ಬೇಡಮ್ಮ. ಮೂರನ್ನೂ ಬಿಡಿ.

ಲೆಕ್ಕದ ಮನೆ
ಇಂಥದೇ ಒಂದು ಕಂಪನಿಯಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ್ದೇನೆ, ಹೆಸರು ಬೇಡ. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ.

ಮನೆ ಎಷ್ಟಕ್ಕೆ ಮಾರಾಟವಾಯಿತು ಅನ್ನುವ ಮಾಹಿತಿ ನಮ್ಮ ಹತ್ತಿರ ಇರುತ್ತಿರಲಿಲ್ಲ. ಇದ್ದದ್ದು ಜಾಹೀರಾತು ಹಾಕಿದವರು ಹೇಳಿದ ಬೆಲೆ ಮಾತ್ರ. ಹೇಳಿದ ಬೆಲೆ ಬೇರೆ, ಕುದುರಿದ ಬೆಲೆ ಬೇರೆ. ಒಂದೇ ಮನೆಯನ್ನು ನಾಲ್ಕು ಜನ ಬ್ರೋಕರುಗಳು ನಾಲ್ಕು ಬೆಲೆಗೆ ಹಾಕಿರುತ್ತಾರೆ. ಅದು ಲೆಕ್ಕದಲ್ಲಿ ನಾಲ್ಕು ಮನೆ ಆಗುತ್ತದೆ. ಮಾರಾಟವಾದ ಮೇಲೂ ಯಾರೂ ತೆಗೆಯುವುದಿಲ್ಲ. ಬೆಲೆ ಜಾಸ್ತಿ ಹೇಳಿದ ಮನೆ ಬೇಗ ಹೋಗುವುದಿಲ್ಲ, ಹಾಗಾಗಿ ಅದೇ ಹೆಚ್ಚು ದಿನ ವೆಬ್‌ಸೈಟಿನಲ್ಲಿ ಕೂತಿರುತ್ತದೆ. ಕಂಪ್ಯೂಟರ್ ಕಲಿಯುವುದು ಇದನ್ನೆಲ್ಲ ನೋಡಿಯೇ.

ನೀವು ಬೆಡ್‌ರೂಮ್ ಬದಲಿಸಿದಾಗ 18 ಲಕ್ಷ ಏರಿದ್ದಕ್ಕೂ ಕಾರಣ ಇದೆ. ಆ ವೆಬ್‌ಸೈಟಿಗೆ ಸಿಕ್ಕ ಜಾಹೀರಾತುಗಳಲ್ಲಿ ಹೆಚ್ಚಿನವು ಫ್ಲಾಟುಗಳು. ಫ್ಲಾಟಿನಲ್ಲಿ ಒಂದು ರೂಮು ಜಾಸ್ತಿ ಅಂದರೆ ಅಳತೆಯೂ ಜಾಸ್ತಿ ಇರುತ್ತದೆ. ಆ ಅಭ್ಯಾಸವನ್ನೇ ತಂದು ನಿಮ್ಮ ಮನೆಗೂ ಹಚ್ಚಿದೆ.

ಜೆಪಿ ನಗರ 7ನೇ ಹಂತ
ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಹೋದ ವರ್ಷ ನಮ್ಮ ಫ್ಲಾಟ್ ಮಾರಿದೆವು. ವೆಬ್‌ಸೈಟ್ ತೋರಿಸಿದ್ದು 94 ಲಕ್ಷ, ನಮಗೆ ಸಿಕ್ಕಿದ್ದು 92.5. ಇದಕ್ಕಿಂತ ಹತ್ತಿರ ಯಾರು ಹೇಳುತ್ತಾರೆ?

ಲೆಕ್ಕದ ಮನೆ
@ಜೆಪಿ ನಗರ 7ನೇ ಹಂತ: ಫ್ಲಾಟಿಗೆ ಒಪ್ಪುತ್ತೇನೆ. ಒಂದೇ ಕಾಂಪೌಂಡಿನಲ್ಲಿ ನಿಮ್ಮದರ ಥರದ್ದೇ 200 ಮನೆ ಇರುತ್ತವೆ, ವರ್ಷಕ್ಕೆ ಹತ್ತಾರು ಕೈ ಬದಲಾಗುತ್ತವೆ. ಅಂದಾಜು ಕೆಟ್ಟರೂ ಜಾಸ್ತಿ ಕೆಡುವುದಿಲ್ಲ. ಬಿಡಿ ಮನೆ ಹಾಗಲ್ಲ. ಒಂದೇ ರಸ್ತೆಯಲ್ಲಿ ಪಕ್ಕಪಕ್ಕದ ಎರಡು ಸೈಟುಗಳಿಗೂ ಬೆಲೆ ಬೇರೆ.

ಡಲ್ಲಾಸ್ ಕನ್ನಡಿಗ
ಅಮೆರಿಕದಲ್ಲಿ ಇದರ ಅನುಭವ 2006ರಿಂದ ಇದೆ. ಜಿಲೋ ಅನ್ನುವ ಮನೆ ಮಾರಾಟದ ವೆಬ್‌ಸೈಟ್ ಕಂಪನಿ ‘ಜೆಸ್ಟಿಮೇಟ್’ ಅಂತ ಬೆಲೆ ತೋರಿಸಲು ಶುರು ಮಾಡಿದ್ದು ಆಗ. ತಮ್ಮ ತಪ್ಪಿನ ಪ್ರಮಾಣವನ್ನು ಅವರೇ ಪ್ರಕಟಿಸುತ್ತಾರೆ. ಮಾರಾಟಕ್ಕಿಟ್ಟ ಮನೆಗೆ ಸುಮಾರು ಶೇ 2, ಮಾರಾಟಕ್ಕಿಡದ ಮನೆಗೆ ಸುಮಾರು ಶೇ 7. ಶೇ 7 ಕಡಿಮೆ ಅನ್ನಿಸಬಹುದು. ಆದರೆ ಅದು ನಡುಮಧ್ಯದ ಅಂಕಿ. ಅಂದರೆ ಅರ್ಧದಷ್ಟು ಮನೆಗಳಿಗೆ ತಪ್ಪು ಅದಕ್ಕಿಂತಲೂ ಜಾಸ್ತಿ. ಎರಡು ಕೋಟಿಯ ಮನೆಗೆ ಶೇ 7 ಅಂದರೇ 14 ಲಕ್ಷ.

ಇನ್ನೊಂದು ವಿಷಯ. ಅದೇ ಕಂಪನಿ ತಾನೇ ಮನೆ ಕೊಂಡು, ಸ್ವಲ್ಪ ರಿಪೇರಿ ಮಾಡಿಸಿ ಮಾರುವ ವ್ಯಾಪಾರಕ್ಕೂ ಇಳಿದಿತ್ತು. ಮುಂದೆ ಮನೆ ಬೆಲೆ ಎಷ್ಟಾಗುತ್ತದೆ ಅನ್ನುವ ಲೆಕ್ಕ ಕೈಕೊಟ್ಟಿತು. 2021ರ ನವೆಂಬರ್‌ನಲ್ಲಿ ಆ ವ್ಯಾಪಾರ ಮುಚ್ಚುತ್ತೇವೆ ಅಂತ ಘೋಷಿಸಿದರು. ಅದಕ್ಕೆ ಹಿಂದಿನ ಒಂದು ತ್ರೈಮಾಸಿಕದ ಲೆಕ್ಕದಲ್ಲೇ 30 ಕೋಟಿ ಡಾಲರಿಗೂ ಹೆಚ್ಚು ನಷ್ಟ ಬರೆದುಕೊಂಡರು. ಕಾಲು ಭಾಗ ಸಿಬ್ಬಂದಿಯನ್ನು ತೆಗೆಯುವುದಾಗಿ ಹೇಳಿದರು. ಅಷ್ಟೊಂದು ಮಾಹಿತಿ, ಅಷ್ಟೊಂದು ಎಂಜಿನಿಯರ್‌ಗಳು ಇದ್ದವರಿಗೇ ಹೀಗಾಯಿತು.

ನಮ್ಮ ಟೆಕ್ಸಸ್‌ನಲ್ಲಿ ಮನೆ ಮಾರಿದ ಬೆಲೆಯನ್ನು ಸರ್ಕಾರಕ್ಕೆ ಬಹಿರಂಗಪಡಿಸಲೇಬೇಕು ಅನ್ನುವ ನಿಯಮ ಇಲ್ಲ. ಹಾಗಾಗಿ ಇಲ್ಲಿ ಲೆಕ್ಕ ಹಾಕುವುದು ಇನ್ನೂ ಕಷ್ಟ. ಬೇರು ಇರುವುದು ಅಲ್ಲೇ ನೋಡಿ. ನಿಜವಾದ ಮಾರಾಟದ ಬೆಲೆ ಗೊತ್ತಿಲ್ಲದಿದ್ದರೆ ಯಾವ ಕಂಪ್ಯೂಟರೂ ಏನೂ ಮಾಡಲಾರದು.

ಮ್ಯಾಂಚೆಸ್ಟರ್ ಮಳೆ
ಇಂಗ್ಲೆಂಡ್, ವೇಲ್ಸ್‌ನಲ್ಲಿ 1995ರಿಂದ ನೋಂದಣಿಯಾದ ಮನೆಗಳ ಮಾರಾಟದ ಬೆಲೆ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಾನು ಮನೆ ಕೊಳ್ಳುವ ಮುಂಚೆ ಇಡೀ ಬೀದಿಯ ಬೆಲೆ ಬರೆದಿಟ್ಟುಕೊಂಡಿದ್ದೆ. ನಮ್ಮೂರಿನಲ್ಲೂ ಇದು ಬರಬೇಕು.

ಚಾಮರಾಜಪೇಟೆ ಚಂದ್ರು
ನಮ್ಮಲ್ಲೂ ಇದೆಯಲ್ಲ ಸ್ವಾಮಿ. ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಕ್ರಯಪತ್ರ ಆಗಿದ್ದರೆ ಎಷ್ಟಕ್ಕೆ ಆಗಿದೆ ಅಂತ ಅದರಲ್ಲೇ ಬಂದಿರುತ್ತದೆ. ನಿಮ್ಮ ರಸ್ತೆಯಲ್ಲಿ ಈಚೆಗೆ ಮಾರಾಟವಾದ ಎರಡು ಮೂರು ಮನೆ ನಂಬರ್ ಗೊತ್ತಿದ್ದರೆ ಸಾಕು. ಖರ್ಚು ತುಂಬಾ ಕಡಿಮೆ.

ರಿಂಗ್ ರೋಡ್ ರಾಯರು
ಚಂದ್ರು, ಇಸಿಯಲ್ಲಿ ಬರುವುದು ಬರೆಸಿದ ಬೆಲೆ. ಕೈಗೆ ಕೊಟ್ಟ ಬೆಲೆ ಅಲ್ಲ. 30 ವರ್ಷ ಈ ವ್ಯವಹಾರದಲ್ಲಿ ಇದ್ದು ಹೇಳುತ್ತಿದ್ದೇನೆ. ಎಷ್ಟೋ ಜನ ಗೈಡೆನ್ಸ್ ವ್ಯಾಲ್ಯೂಗೆ, ಅಂದರೆ ಶುಲ್ಕಕ್ಕಾಗಿ ಸರ್ಕಾರ ಇಟ್ಟ ದರಕ್ಕೆ, ನೋಂದಣಿ ಮಾಡಿಸಿ ಉಳಿದದ್ದನ್ನು ನಗದಿನಲ್ಲಿ ಮುಗಿಸುತ್ತಾರೆ.

ಚಾಮರಾಜಪೇಟೆ ಚಂದ್ರು
ಈಗ ಮೊದಲಿನಷ್ಟು ಇಲ್ಲ ರಾಯರೇ. ಬ್ಯಾಂಕ್ ಸಾಲದಲ್ಲಿ ಕೊಳ್ಳುವವರು ಪೂರ್ತಿ ಬೆಲೆಯನ್ನೇ ಬರೆಸುತ್ತಾರೆ, ಇಲ್ಲದಿದ್ದರೆ ಸಾಲ ಸಾಲುವುದಿಲ್ಲ. ಅಂಥ ಇಸಿ ಆರಿಸಿ ನೋಡಬೇಕು. ಸಾಲದ ಅಡಮಾನವೂ ಅದರಲ್ಲೇ ಕಾಣಿಸಿದರೆ ಆ ಬೆಲೆ ನಿಜಕ್ಕೆ ಹತ್ತಿರ ಅಂತ ತಿಳಿಯಬಹುದು.

ರಿಂಗ್ ರೋಡ್ ರಾಯರು
ಅದು ಸರಿಯಾದ ಮಾತು. ಒಪ್ಪಿದೆ.

ನಾಗರಭಾವಿ ಮಗಳು
ಅಣ್ಣ ಈಗ ಇನ್ನೊಂದು ಹೇಳುತ್ತಿದ್ದಾನೆ. ವೆಬ್‌ಸೈಟ್ ಜಗಳ ಬೇಡ, ಸರ್ಕಾರದ್ದೇ ಗೈಡೆನ್ಸ್ ವ್ಯಾಲ್ಯೂ ಇದೆಯಲ್ಲ, ಅದರ ಮೇಲೆ ಪಾಲು ಮಾಡೋಣ ಅಂತ. ಅದು ಸರಿಯಾ?

ಹಾಸನದ ಹೈದ
ಸರ್ಕಾರವೇ ಹೇಳಿದ ಬೆಲೆ. ಅದಕ್ಕಿಂತ ನ್ಯಾಯ ಏನಿದೆ?

ಮುದ್ರಾಂಕ ಮಾವ
ಹೈದ, ತಪ್ಪು ತಿಳಿದಿದ್ದೀರಿ. ಗೈಡೆನ್ಸ್ ವ್ಯಾಲ್ಯೂ ಅನ್ನುವುದು ಮುದ್ರಾಂಕ ಶುಲ್ಕ ವಸೂಲಿಗೆ ಇಟ್ಟಿರುವ ದರ. ಇದಕ್ಕಿಂತ ಕಡಿಮೆಗೆ ಬರೆಸಿದರೂ ಶುಲ್ಕ ಇದರ ಮೇಲೆ ಕಟ್ಟಿ ಅನ್ನುವುದು ಅದರ ಅರ್ಥ. ಮನೆ ಇಷ್ಟೇ ಬಾಳುತ್ತದೆ ಅಂತ ಅರ್ಥ ಅಲ್ಲ. ರಾಜ್ಯದಲ್ಲಿ 2019ರ ನಂತರ ದೊಡ್ಡ ಪರಿಷ್ಕರಣೆ ಆಗಿದ್ದು 2023ರ ಅಕ್ಟೋಬರ್ 1ಕ್ಕೆ. ಅಷ್ಟು ವರ್ಷ ಮಾರುಕಟ್ಟೆ ಸುಮ್ನೆ ಕೂತಿತ್ತಾ? ಹಳೇ ಬಿಡಿಎ ಬಡಾವಣೆಗಳಲ್ಲಿ ಮಾರುಕಟ್ಟೆ ಬೆಲೆ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುತ್ತದೆ. ಆ ದರಕ್ಕೆ ಒಪ್ಪಿದರೆ ನೀವೂ ತಂಗಿಯೂ ಕಳೆದುಕೊಳ್ಳುತ್ತೀರಿ.

ಉಲ್ಟಾ ಇರುವ ಜಾಗವೂ ಇದೆ. ನಮ್ಮ ಪರಿಚಯದವರೊಬ್ಬರು ಊರಾಚೆ ಲೇಔಟಿನಲ್ಲಿ ಸೈಟು ಮಾರಿದರು. ಅಲ್ಲಿ ಗೈಡೆನ್ಸ್ ವ್ಯಾಲ್ಯೂ ಸಿಕ್ಕ ಬೆಲೆಗಿಂತ ಜಾಸ್ತಿ ಇತ್ತು. ವ್ಯತ್ಯಾಸ ಶೇ 10 ದಾಟಿದರೆ ಆದಾಯ ತೆರಿಗೆಯವರು ಗೈಡೆನ್ಸ್ ದರಕ್ಕೇ ಮಾರಿದಂತೆ ಲೆಕ್ಕ ಹಿಡಿಯುತ್ತಾರೆ. ಕೈಗೆ ಬಾರದ ದುಡ್ಡಿಗೆ ತೆರಿಗೆ ಕಟ್ಟಬೇಕಾಯಿತು. ಪಾಪ, ಮಗಳ ಮದುವೆಗೆ ಅಂತ ಮಾರಿದ್ದರು.

ತುಮಕೂರು ವಕೀಲೆ
ಒಂದು ಮುಖ್ಯವಾದ ವಿಷಯ ಯಾರೂ ಹೇಳಲಿಲ್ಲ. ನಾಗರಭಾವಿ ಮಗಳು, ಬೆಲೆಗಿಂತ ಮೊದಲು ಪಾಲು ಸರಿ ಮಾಡಿಕೊಳ್ಳಿ. ಮನೆ ಅಪ್ಪ ಸ್ವಂತ ದುಡಿಮೆಯಲ್ಲಿ ಮಾಡಿದ್ದು, ವಿಲ್ ಇಲ್ಲ ಅಂತಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮನಿಗೂ ಮಕ್ಕಳಿಗೂ ಸಮ ಪಾಲು. ಅಜ್ಜಿ, ಅಂದರೆ ಅಪ್ಪನ ತಾಯಿ, ಇಲ್ಲ ಅಂದುಕೊಂಡು ಹೇಳುತ್ತಿದ್ದೇನೆ. ನೀವು ಬರೆದಿದ್ದರಲ್ಲಿ ಅಣ್ಣ, ನೀವು, ತಂಗಿ ಮೂವರ ಲೆಕ್ಕ ಇದೆ. ಪಾಲು ಮೂರಲ್ಲ, ನಾಲ್ಕು. ಅಮ್ಮನ ಕಾಲು ಭಾಗ ಅವರ ಹೆಸರಿನಲ್ಲೇ ಉಳಿಯಲಿ ಅನ್ನುವುದು ನನ್ನ ಸಲಹೆ. ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಮಕ್ಕಳಿಗೆ ಸಹಿ ಹಾಕಿ ಕೊಟ್ಟು ಆಮೇಲೆ ಔಷಧಿ ದುಡ್ಡಿಗೂ ಕೈಚಾಚಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕಾಗದದ ವಿಷಯಕ್ಕೆ ಬಂದರೆ, ಮನೆಯವರ ನಡುವೆ ವಿಭಾಗಪತ್ರ ಅಥವಾ ಹಕ್ಕು ಖುಲಾಸೆ ಪತ್ರ (ತಮ್ಮ ಪಾಲು ಬಿಟ್ಟುಕೊಡುವ ಪತ್ರ) ಮಾಡಿಸಿದರೆ ಶುಲ್ಕ ಕ್ರಯಪತ್ರಕ್ಕಿಂತ ತುಂಬಾ ಕಡಿಮೆ. ಯಾವುದು ನಿಮಗೆ ಸರಿ ಅಂತ ನಿಮ್ಮ ವಕೀಲರನ್ನೂ ಆಡಿಟರನ್ನೂ ಕೇಳಿ. ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆಯಾ? 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ, ಅಂದರೆ ಆನ್‌ಲೈನ್ ಖಾತೆ, ಬೇಕು. ಆ ಕೆಲಸ ಈಗಲೇ ಶುರು ಮಾಡಿ.

ನಾಗರಭಾವಿ ಮಗಳು
ಅಯ್ಯೋ, ಅಮ್ಮನ ಪಾಲು ನಮ್ಮ ಮೂವರಿಗೂ ಹೊಳೆದೇ ಇರಲಿಲ್ಲ. ಈಗಲೇ ತಂಗಿಗೆ ಫೋನ್ ಮಾಡುತ್ತೇನೆ. ತುಂಬಾ ಉಪಕಾರ ಮೇಡಂ. ಅಜ್ಜಿ ಅಪ್ಪನಿಗಿಂತ ಮುಂಚೆಯೇ ಹೋದರು. ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ.

ದಾವಣಗೆರೆ ದೋಸೆ
ಪಶ್ಚಿಮದ ಬಾಗಿಲು ಅಂದಿರಿ. ಪೂರ್ವದ ಬಾಗಿಲಿದ್ದರೆ ಇನ್ನೂ ಹತ್ತು ಲಕ್ಷ ಜಾಸ್ತಿ ಸಿಗುತ್ತಿತ್ತು.

ಜೆಪಿ ನಗರ 7ನೇ ಹಂತ
ವಾಸ್ತು ಎಲ್ಲ ಯಾಕೆ ತರುತ್ತೀರಿ? ಅದನ್ನು ನಂಬದವರೂ ಇದ್ದಾರೆ.

ದಾವಣಗೆರೆ ದೋಸೆ
ನಾನು ನಂಬುತ್ತೇನೋ ಇಲ್ಲವೋ, ಕೊಳ್ಳುವವರು ನಂಬುತ್ತಾರೆ ಅಲ್ವಾ? ನಮ್ಮ ಚಿಕ್ಕಪ್ಪನ ದಕ್ಷಿಣದ ಬಾಗಿಲಿನ ಮನೆ ನೋಡಲು 14 ಜನ ಬಂದರು. ಒಂಬತ್ತು ಜನ ಗೇಟಿನ ಹತ್ತಿರ ನಿಂತು ಮೊಬೈಲಿನಲ್ಲಿ ದಿಕ್ಸೂಚಿ ನೋಡಿ ಒಳಗೆ ಕಾಲಿಡದೆ ಹೋದರು. ಕೊನೆಗೆ ಕೊಂಡವರು ಕ್ರೈಸ್ತರು. ಮನೆ ಈಗ ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂದರೆ ಚಿಕ್ಕಪ್ಪ ಹಬ್ಬಕ್ಕೆ ಹೋಗಿ ಬರುತ್ತಾರೆ.

ಲೆಕ್ಕದ ಮನೆ
ದೋಸೆಯವರು ಹೇಳಿದ್ದು ಲೆಕ್ಕಕ್ಕೂ ಬೇಕಾದ ವಿಷಯ. ಊರಿನ ಜನ ಯಾವುದಕ್ಕೆ ದುಡ್ಡು ಕೊಡುತ್ತಾರೋ ಅದು ಲೆಕ್ಕದಲ್ಲಿ ಬರಬೇಕು. ಬರುತ್ತಿಲ್ಲ.

ಟೇಪು ಹಿಡಿದವನು
ನಾನು ಸಿವಿಲ್ ಎಂಜಿನಿಯರ್. ಬ್ಯಾಂಕುಗಳಿಗೆ ವ್ಯಾಲ್ಯುಯೇಶನ್ ರಿಪೋರ್ಟ್ ಕೊಡುವುದೇ ನನ್ನ ಕೆಲಸ. ನಿಮ್ಮ ಮನೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ.

ಮೊದಲು ಕಟ್ಟಡ. 18 ಚದರ ಅಂದರೆ 1,800 ಚದರಡಿ. ಅಂಥದೇ ಮನೆ ಇವತ್ತು ಕಟ್ಟಲು ಚದರಡಿಗೆ 2,200 ರೂಪಾಯಿ ಅಂತ ಇಟ್ಟುಕೊಳ್ಳೋಣ. 39.6 ಲಕ್ಷ ಆಗುತ್ತದೆ. ಆರ್‌ಸಿಸಿ ಕಟ್ಟಡಕ್ಕೆ ಸಾಮಾನ್ಯವಾಗಿ 60 ವರ್ಷ ಆಯುಸ್ಸು, ಕೊನೆಗೆ ಶೇ 10 ಉಳಿಕೆ ಬೆಲೆ ಅಂತ ಹಿಡಿಯುತ್ತೇವೆ. 30 ವರ್ಷ ಆಗಿದ್ದರೆ ಶೇ 45 ಸವಕಲು ಕಳೆಯಬೇಕು. ಉಳಿಯುವುದು ಸುಮಾರು 22 ಲಕ್ಷ. ನಿಮ್ಮ ಇಡೀ ಕಟ್ಟಡದ ಬೆಲೆ ಇಷ್ಟು! ಆ ವೆಬ್‌ಸೈಟ್ ಒಂದು ಬೆಡ್‌ರೂಮಿನ ಹೆಸರಿಗೇ 18 ಲಕ್ಷ ಏರಿಸಿದ್ದು ಎಷ್ಟು ತಪ್ಪು ಅಂತ ಇದರಲ್ಲೇ ತಿಳಿಯುತ್ತದೆ.

ಉಳಿದದ್ದೆಲ್ಲ ನೆಲದ ಬೆಲೆ. 1,200 ಚದರಡಿ. ಚದರಡಿ ದರದಲ್ಲಿ 1,000 ರೂಪಾಯಿ ಆಚೀಚೆ ಆದರೆ 12 ಲಕ್ಷ ಆಚೀಚೆ ಆಗುತ್ತದೆ. ಆದ್ದರಿಂದ ನಿಮ್ಮ ಮನೆಯ ಪ್ರಶ್ನೆ ಅಂದರೆ ನಿಮ್ಮ ರಸ್ತೆಯ ನೆಲದ ದರದ ಪ್ರಶ್ನೆ. ಅದು ಕೂತಲ್ಲಿ ಸಿಗುವುದಿಲ್ಲ, ರಸ್ತೆಯಲ್ಲಿ ನಡೆದು ಕೇಳಬೇಕು. ಮುಂದೆ 30 ಅಡಿ ರಸ್ತೆಯೋ 40 ಅಡಿಯೋ? ಮೂಲೆ ಸೈಟಾ? ಎದುರಿಗೆ ಪಾರ್ಕ್ ಇದೆಯೋ, ಟ್ರಾನ್ಸ್‌ಫಾರ್ಮರ್ ಇದೆಯೋ, ಕಲ್ಯಾಣ ಮಂಟಪ ಇದೆಯೋ? ಹಿಂದೆ ರಾಜಕಾಲುವೆ ಇದೆಯಾ? ಹೋದ ತಿಂಗಳು ಒಂದು ಮನೆಗೆ ಹೋಗಿದ್ದೆ. ಕಾಗದದಲ್ಲಿ 30×40. ಟೇಪು ಹಿಡಿದರೆ ಮುಂದೆ 30 ಅಡಿ, ಹಿಂದೆ 28 ಅಡಿ 4 ಇಂಚು. ಪಕ್ಕದವರ ಕಾಂಪೌಂಡ್ ಒಳಗೆ ಬಂದಿತ್ತು. ಚಕ್ಕುಬಂದಿ (ಕಾಗದದಲ್ಲಿರುವ ನಾಲ್ಕು ಗಡಿಯ ವಿವರ) ಓದಿ ನೋಡಿದಾಗ ಮಾಲೀಕರಿಗೇ ಮೊದಲ ಸಲ ಗೊತ್ತಾಯಿತು. ಮೇಲಿನ ಸಜ್ಜಾ ಬೆರಳಿನಿಂದ ತಟ್ಟಿದರೆ ಟೊಳ್ಳು ಶಬ್ದ. ಒಳಗೆ ಕಂಬಿ ತುಕ್ಕು ಹಿಡಿದು ಸಿಮೆಂಟು ಬಿಟ್ಟುಕೊಂಡಿತ್ತು. ಹೊರಗಿನಿಂದ ಹೊಸ ಬಣ್ಣ, ಚೆನ್ನಾಗಿ ಕಾಣುತ್ತಿತ್ತು. ಫೋಟೊ ನೋಡಿ ಬೆಲೆ ಕಟ್ಟುವವರಿಗೆ ಇದು ಎಲ್ಲಿಂದ ಗೊತ್ತಾಗಬೇಕು?

ಹಾಸನದ ಹೈದ
ವ್ಯಾಲ್ಯುಯರ್‌ಗಳೂ ಬ್ಯಾಂಕಿಗೆ ಬೇಕಾದ ಹಾಗೆ ಬರೆಯುತ್ತಾರೆ ಅಂತ ಕೇಳಿದ್ದೇನೆ.

ಟೇಪು ಹಿಡಿದವನು
ಬರೆಯುವವರು ಇಲ್ಲ ಅನ್ನುವುದಿಲ್ಲ. ಆದರೆ ಒಂದು ತಿಳಿದುಕೊಳ್ಳಿ. ಸಾಲಕ್ಕೆ ಮಾಡುವ ರಿಪೋರ್ಟ್ ಕೈ ಬಿಗಿಹಿಡಿದೇ ಇರುತ್ತದೆ. ಮನೆ ತುರ್ತಾಗಿ ಮಾರಬೇಕಾದರೆ ಎಷ್ಟು ಬರುತ್ತದೆ ಅಂತಲೂ ಅದರಲ್ಲಿ ಬೇರೆ ಅಂಕಿ ಇರುತ್ತದೆ. ಪಾಲಿಗೆ ಬೇಕು ಅಂದರೆ ಹಾಗಂತಲೇ ಹೇಳಿ ಮಾಡಿಸಿ, ನ್ಯಾಯವಾದ ಮಾರುಕಟ್ಟೆ ಬೆಲೆ ಕೇಳಿ. ತುರ್ತು ಮಾರಾಟದ ಅಂಕಿ ಹಿಡಿದು ಅಣ್ಣ ಮಾತಾಡಬಾರದು. ಫೀಸು ಮೂವರೂ ಸೇರಿ ಕೊಡಿ. ಒಬ್ಬರೇ ಕೊಟ್ಟರೆ ಉಳಿದವರಿಗೆ ಅನುಮಾನ ಬರುತ್ತದೆ.

ಕೆಂಗೇರಿ ಇಎಂಐ
ನನಗೆ ಬಿದ್ದ ಪೆಟ್ಟು ಕೇಳಿ. ವೆಬ್‌ಸೈಟ್ 92 ತೋರಿಸಿತು ಅಂತ 90 ಲಕ್ಷಕ್ಕೆ ಒಪ್ಪಿ ಅಡ್ವಾನ್ಸ್ ಕೊಟ್ಟುಬಿಟ್ಟೆ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ 80ರವರೆಗೆ ಸಿಗುತ್ತದೆ, ಅಂದರೆ 72 ಲಕ್ಷ ಬರುತ್ತದೆ ಅಂತ ನನ್ನ ಲೆಕ್ಕ. ಬ್ಯಾಂಕಿನ ವ್ಯಾಲ್ಯುಯರ್ 78 ಲಕ್ಷ ಬರೆದರು. ಎರಡರಲ್ಲಿ ಕಡಿಮೆ ಇರುವುದರ ಮೇಲೆ ಸಾಲ. 62.4 ಲಕ್ಷ ಮಂಜೂರಾಯಿತು. ಉಳಿದ 9.6 ಲಕ್ಷಕ್ಕೆ ಹೆಂಡತಿಯ ಬಳೆ ಅಡ ಇಟ್ಟೆವು, ಭಾವನ ಹತ್ತಿರ ಸಾಲ ತೆಗೆದೆವು. ಬಳೆ ಬಿಡಿಸಲು ಎರಡು ವರ್ಷ ಹಿಡಿಯಿತು. ಅಡ್ವಾನ್ಸ್ ಕೊಡುವ ಮುಂಚೆ ವ್ಯಾಲ್ಯುಯೇಶನ್ ಮಾಡಿಸಿ ಅಂತ ಕಂಡವರಿಗೆಲ್ಲ ಹೇಳುತ್ತೇನೆ.

ಮುದ್ರಾಂಕ ಮಾವ
ನೋಂದಣಿ ಖರ್ಚನ್ನೂ ಮರೆಯಬೇಡಿ. 45 ಲಕ್ಷಕ್ಕಿಂತ ಮೇಲಿನ ಆಸ್ತಿಗೆ ನಗರದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6. ಯಾವ ವೆಬ್‌ಸೈಟಿನ ಬೆಲೆಯಲ್ಲೂ ಇದು ಸೇರಿರುವುದಿಲ್ಲ.

ಮೈಸೂರು ಪಾಕಶಾಲೆ
ಮಾರುವವರಿಗೂ ಮೋಸ ಆಗುತ್ತದೆ. ಕುವೆಂಪುನಗರದಲ್ಲಿ ನಮ್ಮ ದೊಡ್ಡಮ್ಮನ ಮನೆಗೆ 1.30 ಕೋಟಿಯವರೆಗೆ ಕೇಳಿದ್ದರು. ಮೊಬೈಲಿನಲ್ಲಿ 1.60 ತೋರಿಸುತ್ತಿದೆ ಅಂತ ಅವರ ಮಗ ಕೊಡಲಿಲ್ಲ. ಎರಡು ವರ್ಷ ಮನೆ ಖಾಲಿ ಬಿದ್ದಿತ್ತು. ಗೆದ್ದಲು ಬಾಗಿಲ ಚೌಕಟ್ಟು ತಿಂದಿತು, ಮಳೆ ನೀರು ಒಳಗೆ ಇಳಿಯಿತು. ಕೊನೆಗೆ 1.22ಕ್ಕೆ ಹೋಯಿತು. ದೊಡ್ಡಮ್ಮ ತಾನು ನೆಟ್ಟ ಸಂಪಿಗೆ ಮರ ನೋಡಿಕೊಂಡು ಗೇಟಿನಲ್ಲೇ ಅತ್ತರು.

ಲೆಕ್ಕದ ಮನೆ
ಒಂದು ಮಾತು ಸೇರಿಸುತ್ತೇನೆ. ಬೆಲೆ ಯಾವ ಕಡೆ ಹೋಗುತ್ತಿದೆ ಅಂತ ತಿಳಿಯಲು ಇಂಟರ್‌ನೆಟ್ ಕೆಟ್ಟದ್ದೇನಲ್ಲ. ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ರೆಸಿಡೆಕ್ಸ್ ಸೂಚ್ಯಂಕ 2007ರಿಂದ ಇದೆ, ಮೊದಲ ಐದು ನಗರಗಳಲ್ಲಿ ಬೆಂಗಳೂರೂ ಇತ್ತು. ಅದು ನಗರದ ಒಟ್ಟು ಏರಿಳಿತ ಹೇಳುತ್ತದೆ, ನಿಮ್ಮ ಮನೆಯ ಬೆಲೆ ಹೇಳುವುದಿಲ್ಲ.

ರಿಂಗ್ ರೋಡ್ ರಾಯರು
ನಾಗರಭಾವಿ ಮಗಳು, ನಾನು ಬ್ರೋಕರ್ ಆಗಿದ್ದವನೇ ಹೇಳುತ್ತೇನೆ. ಇಬ್ಬರು ಬ್ರೋಕರುಗಳನ್ನು ಬೇರೆ ಬೇರೆಯಾಗಿ ಕೇಳಿ. ಒಬ್ಬರ ಹತ್ತಿರ ಮಾರಬೇಕು ಅನ್ನಿ, ಇನ್ನೊಬ್ಬರ ಹತ್ತಿರ ಅದೇ ರಸ್ತೆಯಲ್ಲಿ ಕೊಳ್ಳಬೇಕು ಅನ್ನಿ. ಎರಡರ ನಡುವೆ ನಿಜವಾದ ಬೆಲೆ ಇರುತ್ತದೆ.

ತುಮಕೂರು ವಕೀಲೆ
ಬ್ರೋಕರಿಗೆ ಸುಳ್ಳು ಹೇಳುವುದು ಯಾಕೆ ರಾಯರೇ? ಪಾಲಿಗಾಗಿ ಬೆಲೆ ಬೇಕು, ನಿಮ್ಮ ಸಮಯಕ್ಕೆ ದುಡ್ಡು ಕೊಡುತ್ತೇವೆ ಅಂತ ನೇರವಾಗಿ ಕೇಳಿದರೆ ಹೇಳುವವರು ಇದ್ದಾರೆ.

ರಿಂಗ್ ರೋಡ್ ರಾಯರು
ಅದೂ ಸರಿ. ಹಾಗೇ ಮಾಡಿ.

ನಾಗರಭಾವಿ ಮಗಳು
ಎಲ್ಲರಿಗೂ ಹೃದಯದಿಂದ ಧನ್ಯವಾದ. ನಿನ್ನೆ ಸಂಜೆ ನಾಲ್ವರೂ ವಿಡಿಯೊ ಕಾಲ್‌ನಲ್ಲಿ ಕೂತೆವು. ಟೇಪು ಹಿಡಿದವರ 22 ಲಕ್ಷದ ಲೆಕ್ಕ ಓದಿ ಹೇಳಿದೆ. ತಂಗಿ ಸುಮ್ಮನಾದಳು. ಗೈಡೆನ್ಸ್ ವ್ಯಾಲ್ಯೂ ವಿಷಯ ಹೇಳಿದೆ. ಅಣ್ಣ ಸುಮ್ಮನಾದ. ಅಮ್ಮನ ಪಾಲಿನ ವಿಷಯ ಅಣ್ಣನೇ ಎತ್ತಿದ, ಅದನ್ನು ಅವರ ಹೆಸರಿಗೇ ಬಿಡೋಣ ಅಂದ. ವ್ಯಾಲ್ಯುಯರ್ ಶನಿವಾರ ಬರುತ್ತಾರೆ, ಫೀಸು ಮೂವರೂ ಸಮ ಹಾಕುತ್ತೇವೆ. ಎದುರು ಸಾಲಿನಲ್ಲಿ ಹೋದ ವರ್ಷ ಮಾರಾಟವಾದ ಮನೆಯ ಇಸಿಗೂ ಅರ್ಜಿ ಹಾಕಿದ್ದೇನೆ.

ಅಮ್ಮ ಟ್ರಂಕಿನಿಂದ ಅಪ್ಪನ ಫೈಲು ತೆಗೆದರು. ಪ್ಲಾನ್ ನೀಲಿ ಹಾಳೆ ಮಡಿಕೆಯಲ್ಲಿ ಹರಿದಿದೆ, ಆದರೆ ಅಂಕಿ ಕಾಣಿಸುತ್ತದೆ. ಅಂಚಿನಲ್ಲಿ ಅಪ್ಪ ಸಿಮೆಂಟ್ ಮೂಟೆಗಳ ಲೆಕ್ಕ ಪೆನ್ಸಿಲಿನಲ್ಲಿ ಬರೆದಿದ್ದಾರೆ.

ಟೇಪು ಹಿಡಿದವನು
ಅದನ್ನು ಅಂಟು ಹಾಕಿ ಮಡಚಬೇಡಿ ಅಮ್ಮ, ಹಾಗೇ ಹರಡಿ ಫೋಟೊ ತೆಗೆಸಿ ಇಟ್ಟುಕೊಳ್ಳಿ. ಬಿಡಿಎ ಸ್ವಾಧೀನಪತ್ರ, ಈ ವರ್ಷದ ಕಂದಾಯ ರಸೀದಿ, ಕರೆಂಟ್ ಬಿಲ್ ಶನಿವಾರ ಎದುರಿಗೆ ಇರಲಿ. ಅಳತೆ ತೆಗೆಯುವಾಗ ಅಣ್ಣನೂ ತಂಗಿಯೂ ಟೇಪಿನ ಒಂದೊಂದು ತುದಿ ಹಿಡಿದುಕೊಳ್ಳಲಿ.